ಸಾವನದುರ್ಗದ ಪಟಗಳೂ ತೈಲವರ್ಣಾಭ್ಯಾಸದಲ್ಲಿ ಪ್ರತಿಕೃತಿಯ ಸ್ಥಾನವೂ

ಚಿತ್ರಕಲೆಯನ್ನು ಅಭ್ಯಾಸಮಾಡುವವನು ಮೊದಲು ಪರರ ಪಟವನ್ನು ನೋಡಿ ಬರೆಯತಕ್ಕದ್ದೋ, ಅಥವಾ ಕಣ್ಣೆದುರಿಗಿರುವ ವಸ್ತುವನ್ನೇ ನೋಡಿ ಬರೆಯತಕ್ಕದ್ದೋ ಎಂಬ ಚರ್ಚೆ ಹೊಸದಲ್ಲ. ಕಾವ್ಯದ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬೇರೊಂದು ಮುಖದಿಂದ ವಿಚಾರಿಸಿರುವರು. ಒಬ್ಬ ಕವಿಯ ಕೃತಿಗೂ ಇನ್ನೊಬ್ಬನ ಕೃತಿಗೂ ತೋರುವ ಹೋಲಿಕೆಯು ಮೂರು ಬಗೆಯಾಗಿರಬಹುದೆಂದು ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಹೇಳುತ್ತಾನೆ. ಕನ್ನಡಿಯೊಳಗಣ ಪ್ರತಿಬಿಂಬದಂತಹುದು ಒಂದು. ಚಿತ್ರದಲ್ಲಿ ಬರೆದ ಆಕಾರದಂತಹುದು ಇನ್ನೊಂದು. ಒಬ್ಬ ಮನುಷ್ಯನನ್ನು ಹೋಲುವ ಮತ್ತೊಬ್ಬ ಮನುಷ್ಯನಂತಹುದು ಮೂರನೆಯದು. ಮೊದಲೆರಡನ್ನು ಕವಿಯು ಬಿಡತಕ್ಕದ್ದೆಂದೂ, ಮೂರನೆಯದಕ್ಕೆ ತನ್ನದೇ ಆದ ಜೀವವಿರುವುದರಿಂದ ಅದು ದೋಷವಲ್ಲವೆಂದೂ ಅವನ ತೀರ್ಪು. ಚಿತ್ರವನ್ನೇ ಉಪಮಾನವಾಗಿ ಹಿಡಿದ ಈ ವಿಂಗಡಣೆಯನ್ನು ಮರಳಿ ಚಿತ್ರಕಲೆಗೇ ಅನ್ವಯಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಇದಕ್ಕೆ ಆಧಾರವಾಗಿ ನಾನು ಆರಿಸಿಕೊಂಡಿರುವುದು ಮಾಗಡಿಯ ಸಾವನದುರ್ಗವನ್ನೂ, ಅದರ ಸುತ್ತಣ ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಯನ್ನೂ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಒಂದು ಸ್ವಂತ ಕಾರಣವೂ ಉಂಟು. ಬಾಲ್ಯದಲ್ಲಿ ರಾಮನಗರದಲ್ಲಿ ನನಗೆ ತೈಲವರ್ಣದ ಮೊದಲ ಪಾಠವನ್ನು ಹೇಳಿದ ಉಪಾಧ್ಯಾಯರು ಮುಂದಿಟ್ಟ ಮೂಲಪಟವು ಆಲ್ಪ್ಸ್ ಪರ್ವತದ ಒಂದು ಬಣ್ಣದ ಅಚ್ಚು. ಹಿಮದ ಶಿಖರ, ಮುರಿದ ದೇವದಾರು ಮರ, ಕಂದರಕ್ಕೆ ಧುಮುಕುವ ನೀರು, ಮೇಲೆ ಕವಿಯುತ್ತಿರುವ ಕಾರ್ಮೋಡ, ಮೋಡದ ಸೀಳಿನಿಂದ ಇಳಿಯುವ ಒಂದು ಬೆಳಕಿನ ಕೋಲು. ಒಂದು ಮಳೆಗಾಲವೆಲ್ಲ ನಾನು ಅದನ್ನೇ ಬರೆದೆನು. ಕಿಟಕಿಯ ಹೊರಗೆ ರಾಮದೇವರ ಬೆಟ್ಟವು ಅದೇ ಮಳೆಯಲ್ಲಿ ನೆನೆದು ಹೊಳೆಯುತ್ತಿದ್ದಿತು. ಅದನ್ನು ನೋಡಿ ಬರೆ ಎಂದು ಅವರು ಹೇಳಲಿಲ್ಲ, ಬರೆಯಬೇಕೆಂದು ನನಗೂ ತೋರಲಿಲ್ಲ. ಇದು ಒಬ್ಬ ಉಪಾಧ್ಯಾಯರ ತಪ್ಪೇ, ಅಥವಾ ಆ ಕಲೆಯು ನಮ್ಮಲ್ಲಿಗೆ ಬಂದ ಬಗೆಯಲ್ಲಿಯೇ ಇರುವ ದೋಷವೇ ಎಂಬ ಸಂದೇಹವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಕಲು ಮಾಡಿ ಕಲಿಯುವುದು ನಮ್ಮವರಿಗೆ ಅಪರಿಚಿತವಾದ ಪದ್ಧತಿಯೇನೂ ಅಲ್ಲ. ಮೈಸೂರಿನ ಚಿತ್ರಗಾರರ ಮನೆಗಳಲ್ಲಿ ಖಾಕೆಗಳು ತಂದೆಯಿಂದ ಮಗನಿಗೆ ಬರುವ ಆಸ್ತಿಯಾಗಿದ್ದವು. ಕಾಗದದ ಮೇಲೆ ಬರೆದ ರೇಖೆಯುದ್ದಕ್ಕೂ ಸೂಜಿಯಿಂದ ರಂಧ್ರಗಳನ್ನು ಮಾಡಿ, ಇದ್ದಲಿನ ಪುಡಿಯ ಗಂಟನ್ನು ಅದರ ಮೇಲೆ ತಟ್ಟಿದರೆ ಕೆಳಗಿನ ಹಲಗೆಯಲ್ಲಿ ದೇವತೆಯ ಆಕಾರವು ಚುಕ್ಕೆಚುಕ್ಕೆಯಾಗಿ ಮೂಡುವುದು. ಆದರೆ ಇಲ್ಲಿ ಗಮನಿಸಬೇಕಾದುದೊಂದುಂಟು. ಖಾಕೆಯು ನಿಜವಾದ ಮೂಲವಲ್ಲ; ಮೂಲವು ಧ್ಯಾನಶ್ಲೋಕ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ ಶ್ಲೋಕವೂ ಚಿತ್ರವೂ ಜೊತೆಯಾಗಿ ಇರುವುದನ್ನು ಬಲ್ಲವರು ಬಲ್ಲರು. ಒಂದು ಖಾಕೆ ಕೆಟ್ಟರೆ ಲಕ್ಷಣವನ್ನು ನೋಡಿ ತಿದ್ದಬಹುದು. ಇನ್ನು ಎದುರಿನ ವಸ್ತುವನ್ನು ಹೋಲುವಂತೆ ಬರೆಯುವ ವಿಷಯವನ್ನೂ ಹಿಂದಿನವರು ಅರಿಯದೆ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ಕನ್ನಡಿಯಲ್ಲಿ ಕಂಡಂತೆ ಸಾದೃಶ್ಯವುಳ್ಳ ಚಿತ್ರಕ್ಕೆ ವಿದ್ಧವೆಂಬ ಹೆಸರನ್ನು ಕೊಟ್ಟಿರುತ್ತಾನೆ. ಒಟ್ಟಿನಲ್ಲಿ ಹಳೆಯ ಪದ್ಧತಿಯಲ್ಲಿ ನಕಲಿನ ಹಿಂದೆ ಅದನ್ನು ತೂಗಿ ನೋಡುವ ಒಂದು ಪ್ರಮಾಣವಿದ್ದಿತು. ಆಲ್ಪ್ಸ್ ಪರ್ವತದ ಅಚ್ಚನ್ನು ತಿದ್ದುವುದಕ್ಕೆ ರಾಮನಗರದ ಹುಡುಗನ ಬಳಿ ಯಾವ ಪ್ರಮಾಣವಿದ್ದೀತು?

ಯೂರೋಪಿನಲ್ಲಿಯೂ ಇದೇ ತೊಡಕು ಇದ್ದಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಭೂದೃಶ್ಯವನ್ನು ತೈಲದಲ್ಲಿ ಬರೆಯುವುದನ್ನು ಕಲಿಯುವುದೆಂದರೆ ಗುರುವಿನ ಪಟಗಳನ್ನು ಪ್ರತಿಮಾಡುವುದೇ ಆಗಿದ್ದಿತು. ರಿಚರ್ಡ್ ವಿಲ್ಸನ್ ಇಟಲಿಯಲ್ಲಿ ಕ್ಲಾಡ್ ಲೊರೇನನ ಸಂಪ್ರದಾಯವನ್ನು ಅಭ್ಯಾಸಮಾಡಿ ಬಂದನು. ಅವನ ಶಿಷ್ಯನಾದ ವಿಲಿಯಂ ಹಾಡ್ಜಸ್ ಗುರುವಿನ ಕೈಬರಹವನ್ನು ಅನುಕರಿಸುವುದರಲ್ಲಿ ನುರಿತವನಾಗಿ, ಕ್ಯಾಪ್ಟನ್ ಕುಕ್ಕನ ಸಂಗಡ ದಕ್ಷಿಣ ಸಮುದ್ರಗಳನ್ನು ಸುತ್ತಿ, ಅನಂತರ ಹಿಂದೂಸ್ಥಾನಕ್ಕೆ ಬಂದು ಅದೇ ಕಣ್ಣಿನಿಂದ ಇಲ್ಲಿಯ ದೃಶ್ಯಗಳನ್ನೂ ಬರೆದನು. ಮುಂಭಾಗದಲ್ಲಿ ಕಂದುಗತ್ತಲು, ಒಂದು ಪಕ್ಕದಲ್ಲಿ ಮರ, ನಡುವೆ ಬೆಳಕು ಬಿದ್ದ ನೀರೋ ಬಯಲೋ, ದೂರದಲ್ಲಿ ನೀಲಿಯಾಗಿ ಕರಗುವ ಬೆಟ್ಟ: ಇದೇ ಆ ಪರಂಪರೆಯ ಖಾಕೆ. ರಾಯಲ್ ಅಕಾಡೆಮಿಯ ಪ್ರಥಮಾಧ್ಯಕ್ಷನಾದ ರೆನಾಲ್ಡ್ಸನು ೧೭೬೯ರ ತನ್ನ ಉಪನ್ಯಾಸದಲ್ಲಿ, ಪಟವನ್ನು ಇಡಿಯಾಗಿ ನಕಲುಮಾಡುವುದು ದುಡಿದೆನೆಂಬ ಭ್ರಮೆಯನ್ನು ಮಾತ್ರ ಉಂಟುಮಾಡುವ ಕೆಲಸವೆಂದು ವಿದ್ಯಾರ್ಥಿಗಳನ್ನು ಎಚ್ಚರಿಸಿದ್ದನು. ಕೇಳಿದವರೆಲ್ಲರೂ ಹಾಗೆಯೇ ನಡೆದರೆಂದು ಹೇಳುವಂತಿಲ್ಲ.

ರಮ್ಯಪಂಥದ ಮಹಾಚಿತ್ರಕಾರನೆಂದು ಹೆಸರಾದ ಟರ್ನರನ ವೃತ್ತಾಂತವು ಇಲ್ಲಿ ವಿಶೇಷವಾಗಿ ನೆನಪಿಗೆ ಬರುವುದು. ಸುಮಾರು ೧೭೯೪ರಿಂದ ಮೂರು ವರ್ಷಕಾಲ ಅವನೂ ಅವನ ಗೆಳೆಯ ಗರ್ಟಿನ್ನನೂ ಲಂಡನ್ನಿನಲ್ಲಿ ಡಾಕ್ಟರ್ ಮನ್ರೋ ಎಂಬ ವೈದ್ಯನ ಮನೆಗೆ ಸಂಜೆಯ ಹೊತ್ತು ಹೋಗಿ, ಜಾನ್ ರಾಬರ್ಟ್ ಕೋಜನ್ಸನು ಬರೆದಿದ್ದ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಚಿತ್ರಗಳನ್ನು ಪ್ರತಿಮಾಡುತ್ತಿದ್ದರು. ಗರ್ಟಿನ್ನನು ರೇಖೆಯನ್ನೆಳೆಯುವನು, ಟರ್ನರನು ಅದಕ್ಕೆ ನೆರಳುಬೆಳಕುಗಳ ಬಣ್ಣವನ್ನು ತೊಳೆಯುವನು. ಟರ್ನರನಿಗೆ ಒಂದು ರಾತ್ರಿಗೆ ಮೂರೂವರೆ ಷಿಲ್ಲಿಂಗು ಕೂಲಿ. ಅವನು ಆಲ್ಪ್ಸ್ ಪರ್ವತವನ್ನು ಕಣ್ಣಾರೆ ಕಂಡದ್ದು ೧೮೦೨ರಲ್ಲಿ, ಫ್ರಾನ್ಸಿನೊಡನೆ ಸಂಧಿಯಾಗಿ ದಾರಿ ತೆರೆದಾಗ. ಅಂದರೆ ಕಾಣದ ಪರ್ವತವನ್ನು ಅವನೂ ನನ್ನಂತೆಯೇ ನಕಲಿನಿಂದ ಬರೆದವನು! ಭೇದವು ಇಷ್ಟೇ: ಅವನು ಮುಂದೆ ಪರ್ವತದ ಬಳಿಗೆ ಹೋದನು. ಕೋಜನ್ಸನಿಂದ ಕಲಿತುದರಲ್ಲಿ ಯಾವುದು ನಿಲ್ಲತಕ್ಕದ್ದು, ಯಾವುದು ನಿಲ್ಲತಕ್ಕದ್ದಲ್ಲವೆಂಬುದನ್ನು ಪರ್ವತವೇ ಅವನಿಗೆ ಹೇಳಿರಬೇಕು.

ಇನ್ನೊಬ್ಬ ಮಹನೀಯನಾದ ಕಾನ್‌ಸ್ಟೆಬಲ್ ತನ್ನ ಯೌವನದಲ್ಲಿ ಸರ್ ಜಾರ್ಜ್ ಬೋಮಾಂಟ್ ಎಂಬ ಶ್ರೀಮಂತರ ಬಳಿಯಿದ್ದ ಕ್ಲಾಡನ ಪಟವೊಂದನ್ನು ಪ್ರತಿಮಾಡಿದವನು. ಆ ಶ್ರೀಮಂತರಿಗೆ ಭೂದೃಶ್ಯವೆಲ್ಲ ಹಳೆಯ ಪಿಟೀಲಿನ ಬಣ್ಣದಂತೆ ಕಂದಾಗಿರಬೇಕೆಂಬ ಅಭಿರುಚಿ. ಕಾನ್‌ಸ್ಟೆಬಲ್ ಮಾತನಾಡದೆ ಒಂದು ಪಿಟೀಲನ್ನು ತಂದು ಮನೆಯ ಮುಂದಣ ಹಸುರು ಹುಲ್ಲಿನ ಮೇಲೆ ಇಟ್ಟನಂತೆ. ಪಿಟೀಲೆಂದೊಡನೆ ಒಂದು ಮಾತು ಹೇಳದೆ ಇರಲಾರೆ. ಆ ಕಾಲದಲ್ಲಿ ನಮ್ಮ ಚನ್ನಪಟ್ಟಣವು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೆ ಪ್ರಸಿದ್ಧವಾಗಿದ್ದಿತು. ಅಲ್ಲಿಯ ತಂತಿ ದೂರದೇಶಗಳಿಗೆ ಹೋಗುತ್ತಿದ್ದಿತೆಂದು ೧೮೦೦ನೆಯ ಇಸವಿಯಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ನನು ಬರೆದಿಟ್ಟಿರುವನು. ಕಂದು ಬಣ್ಣದ ವಿಷಯಕ್ಕೆ ಇನ್ನೊಂದು ಸೂಕ್ಷ್ಮವೂ ಉಂಟು. ಹಳೆಯ ಪಟಗಳ ಮೇಲಣ ವಾರ್ನಿಷು ವರ್ಷಗಳು ಕಳೆದಂತೆ ಹಳದಿಗಟ್ಟುವುದು. ಅದನ್ನು ನೋಡಿ ನಕಲುಮಾಡಿದವರು ಗುರುವಿನ ಬಣ್ಣವನ್ನಲ್ಲ, ಗುರುವಿನ ಪಟದ ಮೇಲಣ ಧೂಳನ್ನೂ ವಾರ್ನಿಷನ್ನೂ ನಕಲುಮಾಡಿದರು. ಪಾಠಾಂತರಗಳನ್ನು ಪರಿಶೋಧಿಸುವ ನಮ್ಮ ಪಂಡಿತರಿಗೆ ಇದು ವಿಚಿತ್ರವೆನಿಸಲಾರದು. ಓಲೆಯ ಹುಳುಕನ್ನೇ ಅಕ್ಷರವೆಂದು ತಿಳಿದು ಪ್ರತಿಮಾಡಿದ ಲಿಪಿಕಾರರನ್ನು ಅವರು ನೋಡಿಯೇ ಇರುವರು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ೧೭೯೧ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟಾಗ, ಚನ್ನಪಟ್ಟಣದ ಹೆದ್ದಾರಿಯನ್ನು ಟೀಪು ಸುಲ್ತಾನನು ತಡೆದಿದ್ದುದರಿಂದ, ದಕ್ಷಿಣಕ್ಕೆ ಸರಿದು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿಯನ್ನು ಹಿಡಿದನು. ಆ ದಂಡಯಾತ್ರೆ ವಿಫಲವಾಯಿತು. ಮುಂದಿನ ಯಾತ್ರೆಗೆ ಹಿಂದಣ ದಾರಿಯನ್ನು ಭದ್ರಪಡಿಸಿಕೊಳ್ಳುವ ಸಲುವಾಗಿ ಗಿರಿದುರ್ಗಗಳನ್ನು ಒಂದೊಂದಾಗಿ ಹಿಡಿಯುವ ಏರ್ಪಾಡಾಯಿತು. ಅಕ್ಟೋಬರಿನಲ್ಲಿ ನಂದಿದುರ್ಗವು ಬಿದ್ದಿತು. ಡಿಸೆಂಬರ್ ೨೧ರಂದು ಸಾವನದುರ್ಗಕ್ಕೆ ಲಗ್ಗೆಹತ್ತಿ ಒಂದು ಗಂಟೆಯೊಳಗಾಗಿ ಅದನ್ನು ಹಿಡಿದರು. ಮಾಗಡಿಯ ಕೆಂಪೇಗೌಡರ ವಂಶದವರ ಆಶ್ರಯಸ್ಥಾನವಾಗಿದ್ದು, ೧೭೨೮ರಲ್ಲಿ ಮೈಸೂರಿನವರ ವಶವಾಗಿದ್ದ ಈ ದುರ್ಗವು ಅಭೇದ್ಯವೆಂದು ಹೆಸರುಗೊಂಡಿದ್ದಿತು. ಅದು ಇಷ್ಟು ಬೇಗ ಕೈವಶವಾದುದರಿಂದ ರಾಮಗಿರಿ ಮೊದಲಾದ ಸುತ್ತಣ ಕೋಟೆಗಳೂ ಕೆಲವು ದಿನಗಳಲ್ಲಿಯೇ ಶರಣಾದವು.

ದಂಡಿನ ಸಂಗಡ ಚಿತ್ರ ಬರೆಯುವವರೂ ಇದ್ದರು. ರಾಯಲ್ ಅಕಾಡೆಮಿಯ ಶಾಲೆಯಲ್ಲಿಯೂ ರೋಮಿನಲ್ಲಿಯೂ ಕಲಿತು, ಡಬ್ಲಿನ್ನಿನಲ್ಲಿ ಕೆಲವು ಕಾಲವಿದ್ದು, ಅದೇ ೧೭೯೧ರಲ್ಲಿ ಮದರಾಸಿಗೆ ಬಂದ ರಾಬರ್ಟ್ ಹೋಮ್ ಎಂಬ ವೃತ್ತಿಚಿತ್ರಕಾರನೊಬ್ಬ. ಭೂಮಾಪಕನಾಗಿದ್ದು ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಇನ್ನೊಬ್ಬ. ಅಲೆಗ್ಸಾಂಡರ್ ಅಲ್ಲನ್ ಎಂಬ ಸೇನಾಧಿಕಾರಿ ಮತ್ತೊಬ್ಬ. ಕೋಲ್‌ಬ್ರೂಕನ ಮೈಸೂರು ಸೀಮೆಯ ಹನ್ನೆರಡು ದೃಶ್ಯಗಳು ೧೭೯೩ರಿಂದಲೂ, ಹೋಮನ ಮತ್ತು ಅಲ್ಲನನ ಸಂಪುಟಗಳು ೧೭೯೪ರಲ್ಲಿಯೂ ಪ್ರಕಟವಾದವು. ಸಾವನದುರ್ಗವು ಇವುಗಳಲ್ಲಿ ಮುಖ್ಯವಾದ ವಿಷಯ. ಲಗ್ಗೆ ನಡೆದ ಉತ್ತರದಿಕ್ಕಿನಿಂದ ಕಾಣುವ ಬೆಟ್ಟವನ್ನು ಕೋಲ್‌ಬ್ರೂಕನು ಬರೆದಿರುವನು. ಡ್ಯಾನಿಯಲ್ ಮನೆತನದ ಥಾಮಸ್ ಮತ್ತು ವಿಲಿಯಂ ಇವರಿಬ್ಬರೂ ೧೭೯೨ರಲ್ಲಿ ಈ ದಂಡು ನಡೆದ ದಾರಿಗಳನ್ನು ಹಿಡಿದು ದಕ್ಷಿಣದಲ್ಲಿ ಸಂಚರಿಸಿದರು. ಟರ್ನರನೂ ಸುಮಾರು ೧೮೦೦ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದನು. ಅವನು ನಮ್ಮ ದೇಶಕ್ಕೆ ಎಂದೂ ಬಂದವನಲ್ಲವಾದುದರಿಂದ ಆ ಕಾವೇರಿಯೂ ಆ ಕೋಟೆಯೂ ಪರರ ಕಣ್ಣಿನಿಂದ ಎರವಲು ಪಡೆದವು.

ಸಾವನದುರ್ಗವೆಂಬ ಹೆಸರೇ ಈ ಪಂಥದವರಿಗೆ ಅನುಕೂಲವಾಗಿ ಒದಗಿತು. ವಿಜಯನಗರದ ಅಧಿಕಾರಿಯಾದ ಸಾಮಂತರಾಯನಿಂದ ಸಾಮಂತದುರ್ಗವೆಂಬ ಹೆಸರು ಬಂದಿತೆಂಬ ಐತಿಹ್ಯವನ್ನು ರೈಸ್ ಮಹಾಶಯರು ತಮ್ಮ ಗೆಜೆಟಿಯರಿನಲ್ಲಿ ಕೊಟ್ಟಿರುವರು. ದಂಡಿನವರಾದರೋ ಸಾವಿನ ದುರ್ಗವೆಂದು ಅರ್ಥಮಾಡಿ ಮೃತ್ಯುಶಿಲೆಯೆಂದು ಕರೆದರು. ಸುತ್ತಣ ಬಿದಿರುಮೆಳೆಯ ಕಾಡೂ ಅಲ್ಲಿಯ ಜ್ವರವೂ ಆ ಅರ್ಥಕ್ಕೆ ಬಲವನ್ನು ಕೊಟ್ಟವು. ಭಯವನ್ನು ಹುಟ್ಟಿಸುವ ವಸ್ತುವು, ನೋಡುವವನು ತಾನು ಕ್ಷೇಮದಲ್ಲಿರುವಾಗ, ಭವ್ಯವೆನಿಸಿ ಆನಂದವನ್ನೀಯುವುದೆಂದು ಎಡ್ಮಂಡ್ ಬರ್ಕನು ೧೭೫೭ರಲ್ಲಿಯೇ ಪ್ರತಿಪಾದಿಸಿದ್ದನಷ್ಟೆ. ಹೆಸರಿನಲ್ಲಿ ಮೃತ್ಯು, ಕೈಯಲ್ಲಿ ಜಯ: ಭವ್ಯಕ್ಕೆ ಇದಕ್ಕಿಂತ ತಕ್ಕ ವಿಭಾವವು ದೊರೆಯುವುದು ಕಷ್ಟ. ಲಂಡನ್ನಿನ ಕೋಣೆಯಲ್ಲಿ ಈ ಪಟವನ್ನು ಬಿಚ್ಚಿದವನಿಗೆ ಭೂದೃಶ್ಯವೂ ವಿಜಯಪತ್ರವೂ ಒಂದೇ ಹಾಳೆಯಲ್ಲಿ ದೊರೆಯುತ್ತಿದ್ದವು.

ಈ ಪಟಗಳು ಸ್ಥಳದಲ್ಲಿ ಬರೆದವುಗಳೇ ಆದರೂ ನಮಗೆ ಕಾಣಸಿಗುವುದು ಅವುಗಳ ಪ್ರತಿಯ ಪ್ರತಿ. ಕೋಲ್‌ಬ್ರೂಕನು ಬಯಲಿನಲ್ಲಿ ರೇಖೆಯನ್ನೆಳೆದು, ಆಮೇಲೆ ಶುದ್ಧಪ್ರತಿಯನ್ನು ಮಾಡಿದನು. ಅದನ್ನು ಎಡಿ ಎಂಬ ಕೆತ್ತನೆಗಾರನು ತಾಮ್ರದ ತಗಡಿಗೆ ಇಳಿಸಿದನು. ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಕೂರಿಸಿ ಕಾಸಿ, ಆಮ್ಲದಲ್ಲಿ ಅದ್ದಿದರೆ ಕಣಗಳ ನಡುವೆ ಲೋಹವು ಸವೆದು ಮಸಿಯನ್ನು ಹಿಡಿಯುವಂತಾಗುವುದು. ಎಷ್ಟು ಸಲ ಅದ್ದಿದರೆ ಅಷ್ಟು ಗಾಢವಾದ ನೆರಳು. ಅಚ್ಚಾದ ಹಾಳೆಗೆ ಕೂಲಿಯವರು ಕೈಯಿಂದ ಬಣ್ಣ ತುಂಬುತ್ತಿದ್ದರು. ಸಾವನದುರ್ಗದ ಬಂಡೆಯ ಬಣ್ಣ ಹೇಗಿರಬೇಕೆಂಬುದನ್ನು ನಿಶ್ಚಯಿಸಿದವರು, ಹೀಗೆ, ಅದನ್ನು ಕಂಡಿರದವರು.

ಬಂಡೆಯಾದರೋ ಎಂತಹುದು? ೧೮೦೦ರಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಗೌರವಾರ್ಥವಾಗಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ. ಭೂಶಾಸ್ತ್ರಜ್ಞರು ಈ ಊರಿನ ಹಳೆಯ ಹೆಸರಿನಿಂದಲೇ ಇಲ್ಲಿಯ ಶಿಲೆಯನ್ನು ಕ್ಲೋಸ್‌ಪೇಟ್ ಗ್ರಾನೈಟು ಎಂದು ಕರೆಯುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾಗಿ, ದಕ್ಷಿಣೋತ್ತರವಾಗಿ ಸುಮಾರು ೪೦೦ ಕಿಲೋಮೀಟರ್ ಉದ್ದ ಹಬ್ಬಿರುವ ಶಿಲಾಪಂಕ್ತಿ ಇದು. ಬೂದುಬಣ್ಣದ ನಡುವೆ ನಸುಗೆಂಪಿನ ದಪ್ಪ ಹರಳುಗಳು. ಮಳೆನೀರು ಹರಿದಿಳಿಯುವ ಕಡೆ ಪಾಚಿಕಲೆಗಳಿಂದ ಕಪ್ಪಾದ ಉದ್ದನೆಯ ಗೆರೆಗಳು. ಸಾವನದುರ್ಗದ ಎರಡು ಶಿಖರಗಳಿಗೆ ಹಳ್ಳಿಗರು ಕರಿಗುಡ್ಡ, ಬಿಳಿಗುಡ್ಡವೆಂದು ಹೆಸರಿಟ್ಟಿರುವುದರಲ್ಲಿಯೇ ವರ್ಣಭೇದದ ಸೂಕ್ಷ್ಮದೃಷ್ಟಿಯಿರುವುದು. ಸಮುದ್ರಮಟ್ಟದಿಂದ ಅದರ ಎತ್ತರ ೧೨೨೬ ಮೀಟರು. ಆಲ್ಪ್ಸ್ ಶಿಖರದಂತೆ ಇದು ಮುರಿದು ಚೂಪಾಗಿ ನಿಂತುದಲ್ಲ. ಆನೆಯ ಬೆನ್ನಿನಂತೆ ದುಂಡಾಗಿ, ಪದರಪದರವಾಗಿ ಸಿಪ್ಪೆ ಬಿಡುತ್ತ ಸವೆದುದು. ಕ್ಲಾಡನ ಖಾಕೆಯಲ್ಲಿ ಇಂತಹ ಆಕಾರಕ್ಕೆ ಸ್ಥಳವಿರಲಿಲ್ಲ.

ಜನರಿಗೂ ಅಷ್ಟೇ. ಇಂತಹ ಪಟಗಳ ಮುಂಭಾಗದಲ್ಲಿ ನಿಲ್ಲುವ ಒಬ್ಬಿಬ್ಬರು ಮನುಷ್ಯರು ಬೆಟ್ಟವು ಎಷ್ಟು ದೊಡ್ಡದೆಂದು ತಿಳಿಸುವ ಅಳತೆಗೋಲುಗಳು ಮಾತ್ರ. ಬುಕಾನನ್ನನ ಗ್ರಂಥದಲ್ಲಿ ಮಾಗಡಿಯ ಸುತ್ತ ಕಬ್ಬಿಣವನ್ನು ಕರಗಿಸುವವರೂ, ಚನ್ನಪಟ್ಟಣದ ತಂತಿಯವರೂ, ಗಾಜಿನ ಬಳೆಯವರೂ ಕಣ್ಣಿಗೆ ಕಟ್ಟುವಂತೆ ಬಂದಿರುವರು. ಚಿತ್ರ ಬರೆಯಬಾರದ ಆ ವೈದ್ಯನ ಗದ್ಯವೇ ಈ ವಿಷಯದಲ್ಲಿ ಚಿತ್ರಕಾರರ ಪಟಗಳಿಗಿಂತ ವರ್ಣಮಯವಾಗಿರುವುದು.

ತೈಲವರ್ಣವು ನಮ್ಮವರ ಕೈಗೆ ಬಂದ ಕಥೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ತಿರುವಾಂಕೂರಿನ ಆಸ್ಥಾನಕ್ಕೆ ೧೮೬೮ರಲ್ಲಿ ಬಂದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರನು ರವಿವರ್ಮರಿಗೆ ಕಲಿಸಲು ಒಪ್ಪದೆ, ತಾನು ಬರೆಯುವಾಗ ನೋಡುತ್ತಿರಲು ಮಾತ್ರ ಅವಕಾಶವನ್ನು ಕೊಟ್ಟನೆಂಬುದೂ, ರವಿವರ್ಮರು ೧೮೮೫ರಲ್ಲಿ ಮೈಸೂರಿಗೆ ಬಂದರೆಂಬುದೂ, ಮುಂದೆ ಮೈಸೂರು ಅರಮನೆಗೆ ಪೌರಾಣಿಕ ಪಟಗಳನ್ನು ಬರೆದರೆಂಬುದೂ ವಾಚಕರಿಗೆ ತಿಳಿದುದೇ. ಅವರ ಅಚ್ಚುಗಳು ಮನೆಮನೆಗೂ ಹೋದ ಮೇಲೆ ಅವುಗಳನ್ನು ನೋಡಿ ಬರೆಯುವುದೇ ಒಂದು ವಿದ್ಯಾಭ್ಯಾಸವಾಯಿತು. ಮೈಸೂರಿನಲ್ಲಿ ೧೯೧೩ರಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೂ, ಬೆಂಗಳೂರಿನಲ್ಲಿ ೧೯೧೯ರಲ್ಲಿ ಅ. ನ. ಸುಬ್ಬರಾಯರ ಕಲಾಮಂದಿರವೂ ಪ್ರಾರಂಭವಾದವು. ಇತ್ತ ಕಲ್ಕತ್ತೆಯಲ್ಲಿ ೧೮೯೬ರಲ್ಲಿ ಕಲಾಶಾಲೆಯ ಅಧಿಕಾರವನ್ನು ವಹಿಸಿದ ಹ್ಯಾವೆಲ್ ಮಹಾಶಯರು ಪಾಶ್ಚಾತ್ಯ ಪಟಗಳನ್ನು ನಕಲುಮಾಡುವುದು ಭಾರತೀಯ ವಿದ್ಯಾರ್ಥಿಗೆ ವಿಷವೆಂದು ಭಾವಿಸಿ, ಚಿತ್ರಶಾಲೆಯಿಂದ ಅವುಗಳನ್ನು ತೆಗೆಯಿಸಿ ನಮ್ಮ ದೇಶದ ಕೃತಿಗಳನ್ನು ಇರಿಸಿದರು. ವಿದ್ಯಾರ್ಥಿಗಳೇ ಇದನ್ನು ಪ್ರತಿಭಟಿಸಿದರು. ಕೆಲವರು ಹೊರಬಂದು ಬೇರೆ ಶಾಲೆಯನ್ನೇ ಕಟ್ಟಿದರು. ಅವರ ಕೋಪವನ್ನು ದಾಸ್ಯಬುದ್ಧಿಯೆಂದು ಹಲವರು ಜರೆದಿರುವರು. ನನಗೆ ಹಾಗೆ ತೋರುವುದಿಲ್ಲ. ಮೂಲಪಟವನ್ನು ಕೈಗೆಟುಕದಂತೆ ಮಾಡಿ, ಅದನ್ನು ಮೀರಿ ಹೋಗೆಂದು ಹೇಳುವುದು ಶಿಕ್ಷಣವಲ್ಲ.

ಅದೇ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರು (೧೮೮೬–೧೯೬೫) ಮೈಸೂರಿನ ಆಸ್ಥಾನಚಿತ್ರಗಾರರ ಮನೆಯಲ್ಲಿ ಹುಟ್ಟಿ, ಖಾಕೆಯ ಪದ್ಧತಿಯನ್ನೂ ಪಾಶ್ಚಾತ್ಯ ಪದ್ಧತಿಯನ್ನೂ ಬಲ್ಲವರಾಗಿದ್ದರು. ಅವರು ಬೆಟ್ಟಗಳನ್ನು ಬರೆಯಬೇಕೆಂದಾಗ ಯಾರ ಪಟವನ್ನೂ ಮುಂದಿಟ್ಟುಕೊಳ್ಳದೆ, ಉದಕಮಂಡಲಕ್ಕೂ ಕೊಡೈಕಾನಲ್ಲಿಗೂ ಹೋಗಿ ಮಂಜನ್ನು ದಿನದಿನವೂ ನೋಡಿ ಬರೆದರು. ಆ ಪಟಗಳನ್ನು ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಲ್ಲಿ ಕಾಣಬಹುದು. ಜಲವರ್ಣಗಳಾದುದರಿಂದ ಅವು ನಮ್ಮ ಪ್ರಸ್ತಾಪಕ್ಕೆ ನೇರವಾಗಿ ಸೇರವು. ಆದರೂ ಎರಡು ಬಗೆಯ ನಕಲುಗಳಲ್ಲಿ ಪಳಗಿದ ಕೈಯೇ ಹೀಗೆ ಸ್ವತಂತ್ರವಾಯಿತೆಂಬುದನ್ನು ಮರೆಯಬಾರದು.

ಇಷ್ಟನ್ನು ಓದಿ ತಿಳಿದ ಮೇಲೆ, ತರ್ಕದಿಂದ ನಿರ್ಣಯವಾಗದುದನ್ನು ಕೈಯಿಂದಲೇ ಪರೀಕ್ಷಿಸಬೇಕೆನಿಸಿತು. ಕೋಲ್‌ಬ್ರೂಕನ ಉತ್ತರದಿಕ್ಕಿನ ಸಾವನದುರ್ಗದ ಮುದ್ರಿತಪ್ರತಿಯೊಂದನ್ನು ಮುಂದಿಟ್ಟುಕೊಂಡು ತೈಲದಲ್ಲಿ ಅದನ್ನು ಪ್ರತಿಮಾಡಲು ತೊಡಗಿದೆನು. ಚೌಕುಳಿಗಳನ್ನು ಎಳೆದು ಆಕಾರವನ್ನು ದೊಡ್ಡದುಮಾಡಿ, ಕ್ಯಾನ್‌ವಾಸಿನ ಮೇಲೆ ಮೊದಲು ಉಂಬರ್ ಎಂಬ ಕಂದುಮಣ್ಣಿನ ಬಣ್ಣದಿಂದ ನೆರಳುಗಳನ್ನು ತೆಳ್ಳಗೆ ಹಾಕಿದೆನು. ಆಗಲೇ ಒಂದು ಸಂಗತಿ ಹೊಳೆಯಿತು. ಉಂಬರಿನಲ್ಲಿ ಮ್ಯಾಂಗನೀಸಿನ ಅಂಶವಿರುವುದರಿಂದ ಅಗಸೆಯೆಣ್ಣೆಯು ಅದರೊಡನೆ ಬೇಗ ಒಣಗುವುದು. ಕಾಡಿಗೆಯ ಕಪ್ಪಾದರೆ ದಿನಗಟ್ಟಲೆ ಹಸಿಯಾಗಿರುವುದು. ಕೆಳಗಣ ಪದರವು ಬೇಗ ಒಣಗಿ, ಎಣ್ಣೆ ಹೆಚ್ಚಾಗಿರುವ ಪದರವು ಮೇಲೆ ಬಂದರೆ ಮಾತ್ರ ಪಟವು ಬಿರುಕು ಬಿಡದೆ ಉಳಿಯುವುದಾದುದರಿಂದ, ಹಿಂದಿನವರು ಕಂದಿನಲ್ಲಿ ಪ್ರಾರಂಭಿಸಿದುದು ಬರಿಯ ಅಭಿರುಚಿಯ ಮಾತಲ್ಲ, ಅವಶ್ಯಕತೆಯ ಮಾತು. ಇದನ್ನು ಯಾವ ಗ್ರಂಥವನ್ನೋದಿದರೂ ನಾನು ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಅವಶ್ಯಕತೆಯಿಂದ ಬಂದ ಕಂದು ಕಾಲಕ್ರಮದಲ್ಲಿ ಅಭಿರುಚಿಯಾಗಿ, ಆಮೇಲೆ ಶಾಸ್ತ್ರವಾಗಿ, ಬೋಮಾಂಟರ ಪಿಟೀಲಾಗಿ ಪರಿಣಮಿಸಿದುದನ್ನು ಹೀಗೆ ಬೆರಳಿನಿಂದಲೇ ಅರಿತೆನು.

ನೆರಳನ್ನು ತೆಳ್ಳಗೂ ಪಾರದರ್ಶಕವಾಗಿಯೂ, ಬೆಳಕನ್ನು ದಪ್ಪನಾಗಿಯೂ ಹಾಕಬೇಕೆಂಬುದು ತೈಲದ ನಿಯಮ. ಅಚ್ಚಿನಲ್ಲಿ ಈ ಭೇದವೇ ಇಲ್ಲ. ಅಲ್ಲಿ ಬೆಳಕೆಂದರೆ ಬರಿಯ ಕಾಗದ. ಆದುದರಿಂದ ಕೋಟೆಗೋಡೆಯ ಮೇಲಣ ಬಿಸಿಲಿಗೆ ಎಷ್ಟು ಮೈ ಕೊಡಬೇಕು, ಬಂಡೆಯ ಇಳಿಜಾರಿನಲ್ಲಿ ಕುಂಚವನ್ನು ಯಾವ ದಿಕ್ಕಿಗೆ ಎಳೆಯಬೇಕು ಎಂಬುದನ್ನೆಲ್ಲ ನಾನೇ ಊಹಿಸಬೇಕಾಯಿತು. ಊಹೆಗೆ ಒದಗಿದುದು ಯಾವುದು? ಬಾಲ್ಯದ ಆ ಆಲ್ಪ್ಸ್ ಪರ್ವತ! ತಿಳಿಯದಂತೆಯೇ ಶಿಖರವನ್ನು ಚೂಪಾಗಿಸಿದ್ದೆನು. ಕೋಲ್‌ಬ್ರೂಕನಲ್ಲಿ ಇಲ್ಲದ ಕಾರ್ಮೋಡವೊಂದು ಮೂಲೆಯಲ್ಲಿ ಸೇರಿಕೊಂಡಿದ್ದಿತು. ಒಂದು ವಾರದ ಮೇಲೆ ನೋಡಿ ನನಗೇ ನಗು ಬಂದಿತು. ಭೂಮಾಪಕನ ಕಣ್ಣು ನನ್ನ ಕಣ್ಣಿಗಿಂತ ಪ್ರಾಮಾಣಿಕವಾಗಿದ್ದಿತು.

ಲಗ್ಗೆ ನಡೆದ ತಿಂಗಳಿನಲ್ಲಿಯೇ ಬೆಟ್ಟವನ್ನು ನೋಡಬೇಕೆಂದು ಡಿಸೆಂಬರಿನಲ್ಲಿ ಮಾಗಡಿಗೆ ಹೋಗಿ, ಬೆಟ್ಟದ ಉತ್ತರಕ್ಕೆ ನಿಂತೆನು. ಪ್ರತಿಕೃತಿಯನ್ನು ಬಟ್ಟೆಯಲ್ಲಿ ಸುತ್ತಿ ಸಂಗಡ ತೆಗೆದುಕೊಂಡು ಹೋಗಿದ್ದೆನು. ಬೆಟ್ಟದ ಮೈಮೇಲಣ ಕತ್ತಲನ್ನು ನಾನು ಅದುವರೆಗೆ ರಮ್ಯಪಂಥದ ಅತಿಶಯೋಕ್ತಿಯೆಂದೇ ಎಣಿಸಿದ್ದೆನು. ಅಲ್ಲಿ ನೋಡಲಾಗಿ, ಆ ತಿಂಗಳಲ್ಲಿ ಸೂರ್ಯನು ದಕ್ಷಿಣಕ್ಕೆ ಸರಿದು ನಡುಹಗಲಿನಲ್ಲಿಯೂ ಸುಮಾರು ೫೪ ಅಂಶಗಳಷ್ಟೇ ಮೇಲೇರುವುದರಿಂದ, ಉತ್ತರಮುಖದ ಕಡಿದಾದ ಬಂಡೆಗಳಿಗೆ ದಿನವೆಲ್ಲ ನೆರಳೇ. ಕತ್ತಲು ನಿಜ! ಆದರೆ ಅದು ಕಂದುಕತ್ತಲಲ್ಲ. ತೆರೆದ ಆಕಾಶದ ಬೆಳಕು ಬಂಡೆಯ ನಸುಗೆಂಪಿನ ಮೇಲೆ ಬಿದ್ದು, ಬಲಿತ ನೇರಳೆಯ ಹಣ್ಣನ್ನು ಬೂದಿಯಲ್ಲಿ ಹೊರಳಿಸಿದಂತಹ ಒಂದು ಬಣ್ಣ. ನಡುನಡುವೆ ಕರಿಯ ನೀರಿನ ಗೆರೆಗಳು. ತುದಿಯಲ್ಲಿ ಮಾತ್ರ ಹಿಂದಣಿಂದ ಬಂದ ಬಿಸಿಲಿನ ತೆಳ್ಳನೆಯ ಅಂಚು. ಪಟದ ಬೆಟ್ಟವನ್ನೂ ಎದುರಿನ ಬೆಟ್ಟವನ್ನೂ ಒಟ್ಟಿಗೆ ನೋಡುತ್ತಿದ್ದಂತೆ, ಎಲ್ಲಿ ಕೋಲ್‌ಬ್ರೂಕನು ಕಂಡುದು ಮುಗಿದು ಎಲ್ಲಿ ಲಂಡನ್ನಿನ ಬಣ್ಣಗಾರರ ಕೈ ಮೊದಲಾಯಿತೆಂಬುದೂ, ಎಲ್ಲಿ ನನ್ನ ಉಪಾಧ್ಯಾಯರ ಅಚ್ಚು ನುಸುಳಿತೆಂಬುದೂ ಬೇರೆಬೇರೆಯಾಗಿ ಕಾಣತೊಡಗಿತು. ಪ್ರತಿಕೃತಿಯನ್ನು ಮಾಡದೆ ಬರಿಗೈಯಲ್ಲಿ ಬಂದಿದ್ದರೆ ಬೆಟ್ಟದಲ್ಲಿ ನನಗೆ ಇಷ್ಟು ಕಾಣುತ್ತಿರಲಿಲ್ಲ. ಬೆಟ್ಟಕ್ಕೆ ಬಾರದೆ ಇದ್ದಿದ್ದರೆ ಪ್ರತಿಕೃತಿಯಲ್ಲಿ ಏನು ತಪ್ಪಿದೆಯೆಂದೇ ತಿಳಿಯುತ್ತಿರಲಿಲ್ಲ. ಆನಂದವರ್ಧನನು ಹೇಳಿದ ಮೂರನೆಯ ಬಗೆಯ ಹೋಲಿಕೆ ಹುಟ್ಟುವುದು ಈ ಎರಡರ ನಡುವೆಯೇ ಎಂದು ನನ್ನ ಊಹೆ.

ಈ ಸೀಮೆಯ ಬಂಡೆಗಳನ್ನು ಹೊರಗಿನವರು ಭವ್ಯದೃಶ್ಯವಾಗಿ ಕಾಣುವುದು ೧೭೯೧ಕ್ಕೇ ಮುಗಿಯಲಿಲ್ಲ. ೧೯೮೪ರಲ್ಲಿ ತೆರೆಕಂಡ ಡೇವಿಡ್ ಲೀನನ ಚಲನಚಿತ್ರದಲ್ಲಿ ಫಾರ್‌ಸ್ಟರನ ಕಾದಂಬರಿಯ ಗುಹೆಗಳ ದೃಶ್ಯಗಳನ್ನು ಸಾವನದುರ್ಗದಲ್ಲಿಯೂ ರಾಮದೇವರ ಬೆಟ್ಟದಲ್ಲಿಯೂ ತೆಗೆದರು. ಕಥೆಯ ಗುಹೆಗಳು ಬಿಹಾರದವು. ಕನಕಪುರದ ರಸ್ತೆಯಲ್ಲಿ ತಾತಗುಣಿಯ ತೋಟದಲ್ಲಿ ಹಲವು ವರ್ಷಗಳು ನೆಲಸಿದ್ದ ಸ್ವೆತೊಸ್ಲಾವ್ ರೋರಿಕರು (೧೯೦೪–೧೯೯೩) ಹಿಮಾಲಯದಲ್ಲಿ ತಂದೆಯ ಬಳಿ ಕಲಿತ ಕಣ್ಣನ್ನು ಇಲ್ಲಿಗೆ ತಂದವರು. ಆ ಕಣ್ಣು ಇಲ್ಲಿ ಎಷ್ಟು ಬದಲಾಯಿತೆಂಬುದನ್ನು ಅವರ ಪಟಗಳನ್ನಿಟ್ಟುಕೊಂಡು ಬೇರೆಯಾಗಿಯೇ ವಿಚಾರಿಸಬೇಕು.

ಮಾಗಡಿಯಿಂದ ಹಿಂದಿರುಗುವ ಮುನ್ನ, ನಕಲನ್ನು ತಿದ್ದುವ ಆಸೆಯಾಯಿತಾದರೂ ತಿದ್ದಲಿಲ್ಲ. ಹೊಸದೊಂದು ಕ್ಯಾನ್‌ವಾಸನ್ನು ಅಲ್ಲಿಯೇ ನಿಲ್ಲಿಸಿ, ಉಂಬರಿನಲ್ಲಿಯೇ ಪ್ರಾರಂಭಮಾಡಿ, ಅದು ಒಣಗುವವರೆಗೆ ಬೆಟ್ಟದ ಬುಡದ ವೀರಭದ್ರನ ಗುಡಿಯ ಕಡೆಗೆ ನಡೆದು ಬಂದೆನು. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬನು ಎರಡು ಪಟಗಳನ್ನೂ ನೋಡಿ, ಹಳೆಯದನ್ನು ತೋರಿಸಿ, "ಇದು ಯಾವೂರ ಬೆಟ್ಟ ಬುದ್ಧಿ?" ಎಂದನು. ಹೊಸದರ ವಿಷಯ ಅವನು ಏನನ್ನೂ ಹೇಳಲಿಲ್ಲ. ಅದರಲ್ಲಿ ಆಗ ಇದ್ದುದು ಕರಿಗುಡ್ಡದ ನೆರಳೊಂದೇ.